ಬಾಬಾಸಾಹೇಬರ ಕೈಗೆ ಪುಸ್ತಕ ಕೊಟ್ಟವರು

ಬಾಬಾಸಾಹೇಬ್ ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಪ್ರದೇಶದ ಮಹೂವಿನಲ್ಲಿ. ತಂದೆ ರಾಮ್‌ಜಿ ಸಕ್ಪಾಲರು ಮಿಲಿಟರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಸಾತಾರಾದ ಶಾಲೆಯಲ್ಲಿ ಈ ಹುಡುಗ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯೇ ಕೂರಬೇಕಿತ್ತು. ಜವಾನ ಬಂದು ನೀರು ಎರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ನೀರಿನ ಈ ಕತೆ ನಮಗೆಲ್ಲಾ ಗೊತ್ತುಂಟು. ಪುಸ್ತಕದ ಕತೆಯೂ ಗೊತ್ತಿರಬೇಕು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕಲಿಯುವ ಆಸೆ ಇತ್ತು. ಶಾಲೆ ಸರಕಾರದ್ದೇ. ಆದರೂ ಮಹಾರ್ ಹುಡುಗನಿಗೆ ಕಲಿಸಲು ಸಂಸ್ಕೃತದ ಮೇಷ್ಟ್ರು ಒಪ್ಪಲಿಲ್ಲ. ಕಡೆಗೆ ಪರ್ಷಿಯನ್ ತೆಗೆದುಕೊಂಡರು. ಸಂಸ್ಕೃತವನ್ನು ಮುಂದೆ ಸ್ವಂತ ಶ್ರಮದಿಂದಲೇ ಕಲಿತರು.

ತಂದೆ ಬಡವರು. ಆದರೂ ಮಗ ಕೇಳಿದ ಪುಸ್ತಕಕ್ಕಾಗಿ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ದುಡ್ಡು ತರುತ್ತಿದ್ದರು. ಮನೆಯಲ್ಲಿ ಅವರು ಓದಿಸುತ್ತಿದ್ದದ್ದು ರಾಮಾಯಣ, ಮಹಾಭಾರತ. ಇವನ್ನೇ ಯಾಕೆ ಓದಬೇಕೆಂದು ಮಗ ಕೇಳಿದ್ದುಂಟು. ಪ್ರೀತಿಯಿಂದ ಆರಿಸುವವರೂ ತಮಗೆ ಗೊತ್ತಿದ್ದದ್ದನ್ನೇ ಆರಿಸುತ್ತಾರಲ್ಲ!

ಆಗ ಬಂದವರು ಕೃಷ್ಣಾಜಿ ಅರ್ಜುನ ಕೆಳುಸ್ಕರ್. ಅವರೂ ಶಾಲಾ ಮೇಷ್ಟ್ರೇ, ದಲಿತರಲ್ಲ. ಪಾರ್ಕಿನಲ್ಲಿ ಕೂತು ಓದುವ ಹುಡುಗನನ್ನು ಕಂಡು ಮಾತಾಡಿಸಿ ಪರಿಚಯ ಮಾಡಿಕೊಂಡರು. ಪರೀಕ್ಷೆ ಪಾಸಾದ ಸಂತೋಷಕ್ಕೆ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೊಟ್ಟರು. ಮುಂದೆ ಬರೋಡದ ಮಹಾರಾಜ ಸಯಾಜಿರಾವ್ ಅವರಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಗುವ ಹಾಗೆ ಮಾಡಿದ್ದೂ ಅವರೇ.

1913ರಲ್ಲಿ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಆಮೇಲೆ ಲಂಡನಿಗೆ. ಹೊಟ್ಟೆಗೆ ಕಮ್ಮಿ ಮಾಡಿ ಪುಸ್ತಕ ಕೊಂಡರು. ದಾದರಿನಲ್ಲಿ ಕಟ್ಟಿಸಿದ ರಾಜಗೃಹದಲ್ಲಿ ಪುಸ್ತಕಗಳಿಗೆಂದೇ ಜಾಗ ಮಾಡಿದರು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು, ಡಿಸೆಂಬರ್ 6ರಂದು ತೀರಿಕೊಂಡರು. ಕೆಳುಸ್ಕರ್ ಕೊಟ್ಟ ಆ ಪುಸ್ತಕವನ್ನು ಅವರು ಕಡೇ ತನಕ ನೆನೆದರು.

ಒಬ್ಬ ಮೇಷ್ಟ್ರ ಮನಸ್ಸು ಪುಸ್ತಕ ತಡೆಯಿತು, ಇನ್ನೊಬ್ಬರ ಮನಸ್ಸು ಕೊಟ್ಟಿತು. ನಮ್ಮ ಶಾಲೆಗಳ ಲೈಬ್ರರಿ ಕಪಾಟಿಗೂ ಪುಸ್ತಕ ಆರಿಸುವವರು ಯಾರೋ ಒಬ್ಬರು ಇರುತ್ತಾರೆ. ಅವರು ಕೆಟ್ಟವರಾಗಬೇಕೆಂದಿಲ್ಲ, ಅವರಿಗೆ ಹೊಳೆಯದ ಪುಸ್ತಕ ಕಪಾಟಿಗೆ ಬರುವುದಿಲ್ಲ, ಅಷ್ಟೇ. ಆದ್ದರಿಂದ ಗೆಳೆಯರೇ, ಬರುವ ಜೂನ್ 19ರ ವಾಚನಾ ದಿನಕ್ಕೆ ಮೊದಲು ಮಕ್ಕಳ ಹತ್ತಿರ ಒಂದು ಮಾತು ಕೇಳಿ: ಕಪಾಟಿನಲ್ಲಿ ಅಂಬೇಡ್ಕರ್ ಉಂಟಾ, ಕನ್ನಡದಲ್ಲಿ ಉಂಟಾ, ಅದನ್ನು ಮನೆಗೆ ಕೊಡ್ತಾರಾ? ಇಲ್ಲವಾದರೆ ಪಟ್ಟಿ ಬರೆದು ಪಿ.ಟಿ.ಎ. ಸಭೆಯಲ್ಲಿ ಕೊಡುವ. ಕೇಳಿದರೆ ತರಿಸುವ ಮೇಷ್ಟ್ರುಗಳು ಈಗಲೂ ಇದ್ದಾರೆ.