ಒಂಟೆಗಳ ಲೆಕ್ಕ ಹೇಳಿದ ಮಹಾವೀರಾಚಾರ್ಯರು



ಪ್ರತಿ ವರ್ಷ ಪ್ರಥಮ ಪಿಯುಸಿ ಮಕ್ಕಳಿಗೆ ವರ್ಗ ಸಮೀಕರಣ ಹೇಳಿಕೊಡುವ ಮೊದಲು ನಾನು ಒಬ್ಬ ಹಿರಿಯರ ಪರಿಚಯ ಮಾಡಿಸುತ್ತೇನೆ. ಅವರು ನಮ್ಮ ನಾಡಿನವರೇ ಆದ ಮಹಾವೀರಾಚಾರ್ಯರು.

9ನೇ ಶತಮಾನದ ಈ ಜೈನ ವಿದ್ವಾಂಸರು ಬಾಳಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814–878) ಆಳ್ವಿಕೆಯಲ್ಲಿ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಕವಿರಾಜಮಾರ್ಗ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ಸುಮಾರು 850ರಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳ ಶಾಸ್ತ್ರದ ಜೊತೆಗೆ ಬರುವ ಅಧ್ಯಾಯ. ಇವರಾದರೋ ಇಡೀ ಗ್ರಂಥವನ್ನೇ ಗಣಿತಕ್ಕೆ ಮೀಸಲಿಟ್ಟರು. ವ್ಯಾಪಾರ, ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವ ಕೆಲಸ ಎಲ್ಲಕ್ಕೂ ಲೆಕ್ಕ ಬೇಕೆಂಬುದು ಅವರ ನಿಲುವು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ. ಸಮ್ಮಿಶ್ರ ಸಂಖ್ಯೆಗಳ ಪಾಠ ಬಂದಾಗ ಇದನ್ನು ನೆನಪಿಡಿ.

ಅದೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಖಲೀಫ ಅಲ್-ಮಾಮೂನರ ಆಶ್ರಯದಲ್ಲಿ ಅಲ್-ಖ್ವಾರಿಜ್ಮಿಯವರೂ ವರ್ಗ ಸಮೀಕರಣ ಬಿಡಿಸುತ್ತಿದ್ದರು. ಅವರ ಗ್ರಂಥದ ಹೆಸರಿನಲ್ಲಿರುವ ಅಲ್-ಜಬ್ರ್ ಎಂಬ ಪದವೇ ಆಲ್ಜಿಬ್ರಾ ಆಯಿತು. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಕಷ್ಟದ ಲೆಕ್ಕವನ್ನು ಮಾತಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ತೋರಿಸಿದ್ದು.

ಮಹಾವೀರಾಚಾರ್ಯರ ಒಂದು ಲೆಕ್ಕ ನೋಡಿ. ಒಂಟೆಗಳ ಹಿಂಡೊಂದರ ಕಾಲು ಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿದೆ. ಉಳಿದ 15 ಹೊಳೆಯ ದಂಡೆಯಲ್ಲಿವೆ. ಒಟ್ಟು ಒಂಟೆಗಳೆಷ್ಟು? ಅರ್ಧ ಮಾಡಿ, ವರ್ಗಿಸಿ, ಕೂಡಿಸಿ, ಮೂಲ ತೆಗೆಯುವ ನಿಯಮದಿಂದ ಅವರು ಇಂಥ ಲೆಕ್ಕ ಬಿಡಿಸುತ್ತಿದ್ದರು. ನಾವು ಅಪವರ್ತನದಿಂದ ಬಿಡಿಸೋಣ.

1. ವರ್ಗಮೂಲ ವ ಎಂದಿರಲಿ. ಆಗ ಹಿಂಡು ವ². ಸಮೀಕರಣ: ವ²/4 + 2ವ + 15 = ವ².

2. 4ರಿಂದ ಗುಣಿಸಿ ಒಂದೇ ಕಡೆಗೆ ತನ್ನಿ: 3ವ² − 8ವ − 60 = 0.

3. 3 ಮತ್ತು −60ರ ಗುಣಲಬ್ಧ −180. ಗುಣಿಸಿದರೆ −180, ಕೂಡಿಸಿದರೆ −8 ಬರುವ ಎರಡು ಸಂಖ್ಯೆಗಳು −18 ಮತ್ತು 10.

4. ಮಧ್ಯದ ಪದ ಒಡೆಯಿರಿ: 3ವ² − 18ವ + 10ವ − 60 = 0.

5. ಎರಡೆರಡು ಪದ ಜೋಡಿಸಿ: 3ವ(ವ − 6) + 10(ವ − 6) = 0. ಅಂದರೆ (ವ − 6)(3ವ + 10) = 0.

6. ವ = 6 ಅಥವಾ −10/3. ಹಿಂಡಿನ ಲೆಕ್ಕಕ್ಕೆ ಋಣ ಬೆಲೆ ಹೊಂದದು. ಆದ್ದರಿಂದ ಒಂಟೆಗಳು 36. ತಾಳೆ ನೋಡಿ: 9 + 12 + 15 = 36.

ಇದನ್ನೆಲ್ಲ ಏಕೆ ಬರೆದೆನೆಂದರೆ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬರುವ ನಿಮ್ಮಲ್ಲಿ ಅನೇಕರು ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದವರು. ಇಲ್ಲಿ ವಿಜ್ಞಾನ ವಿಭಾಗ ಇಂಗ್ಲಿಷಿನಲ್ಲಿ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಇಳಿದರೆ ಸಾಕು, ವಿಭಾಗ ಬದಲಿಸುವ ಅರ್ಜಿ ಹಿಡಿದು ಬರುತ್ತೀರಿ. ಮನೆಯವರನ್ನು ಒಪ್ಪಿಸಿ, ದಿನವೂ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಅಂಥವರ ನೋಟ್‌ಬುಕ್ ತಿರುವಿದಾಗ ನನಗೆ ಹೆಚ್ಚಾಗಿ ಕಾಣುವುದು ದಡ್ಡತನವಲ್ಲ. ಮೂರನೇ ಮೆಟ್ಟಿಲಿನಲ್ಲಿ ತಪ್ಪಿದ ಒಂದು ಋಣ ಚಿಹ್ನೆ. ಅದನ್ನು ತಿದ್ದಲು ಹತ್ತು ನಿಮಿಷ ಸಾಕು. ಕಲಾ ವಿಭಾಗವೂ ಒಳ್ಳೆಯದೇ. ಇಷ್ಟಪಟ್ಟು ಹೋಗಿ, ಹೆದರಿ ಹೋಗಬೇಡಿ.

ಗಣಿತಕ್ಕೆ ಯಾವ ಭಾಷೆಯೂ ಹೊರಗಿನದಲ್ಲ. ಮಹಾವೀರಾಚಾರ್ಯರ ಗ್ರಂಥವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಪ್ರಕಟಿಸಿದರು.

ಈಗ ನಿಮ್ಮ ಸರದಿ. ಚನ್ನಗಿರಿಯ ತೋಟದ ಮನೆಯೊಂದರಲ್ಲಿ ಅಡಿಕೆ ಒಣಗಿಸುವ ಕಣದ ಉದ್ದ, ಅಗಲಕ್ಕಿಂತ 5 ಮೀಟರ್ ಹೆಚ್ಚು. ವಿಸ್ತೀರ್ಣ 300 ಚದರ ಮೀಟರ್. ಅಗಲ ಎಷ್ಟು? ಉತ್ತರವೊಂದೇ ಸಾಲದು, ಎಲ್ಲ ಮೆಟ್ಟಿಲುಗಳನ್ನೂ ಬರೆದು ತನ್ನಿ. ಭಾಷೆ ನಿಮಗೆ ಯಾವುದು ಸಲೀಸೋ ಅದೇ ಇರಲಿ.