ಮಂಗಳೂರಿನ ಯೆಹೂದಿ ಪಂಡಿತ

ಖಾನಾಪುರದ ಸಮೀಪದ ಹಲಸಿಯ ಸೀಮೆಯನ್ನು ಗೋವೆಯ ಕದಂಬರೂ ತುಳುನಾಡನ್ನು ಆಳುಪರೂ ಆಳುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿ, ಅರಬ್ಬಿ ಸಮುದ್ರದಾಚೆಯ ವರ್ತಕರು ಗಾಳಿಯ ದಿಕ್ಕನ್ನರಿತು ನಮ್ಮ ಕರಾವಳಿಗೆ ಬಂದು ಹೋಗುತ್ತಿದ್ದರು. ಹೀಗೆ ಬಂದು ಮಂಗಳೂರಿನಲ್ಲಿ ಬಹುಕಾಲ ನೆಲೆನಿಂತವನು ಅಬ್ರಹಾಂ ಬೆನ್ ಯಿಜು.

ಟ್ಯುನೀಷಿಯಾದ ಮಹ್ದಿಯಾ ಪಟ್ಟಣ ಅವನ ಹುಟ್ಟೂರು. ಯೆಹೂದಿ ಧರ್ಮಶಾಸ್ತ್ರದಲ್ಲಿ ಅವನಿಗೆ ಒಳ್ಳೆಯ ಪಾಂಡಿತ್ಯವಿತ್ತು; ಹೀಬ್ರೂ ಭಾಷೆಯಲ್ಲಿ ಪದ್ಯವನ್ನೂ ರಚಿಸುತ್ತಿದ್ದನು. ಆದರೆ ಹೊಟ್ಟೆಪಾಡಿಗೆ ವ್ಯಾಪಾರವನ್ನು ಹಿಡಿದು ಏಡನ್ನಿಗೂ ಅಲ್ಲಿಂದ ಮಂಗಳೂರಿಗೂ ಬಂದನು. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಕಳುಹಿಸುತ್ತಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದನು. ತಾಳೆಗರಿಯ ಈ ನಾಡಿನಲ್ಲಿ ಕಾಗದ ದುರ್ಲಭವಾದ್ದರಿಂದ ಏಡನ್ನಿನ ಗೆಳೆಯರು ಅದನ್ನು ಕಳುಹಿಸಿಕೊಡುತ್ತಿದ್ದರು. ಬಂದ ಪತ್ರಗಳ ಬೆನ್ನಿನ ಮೇಲೆಯೇ ಅವನು ಲೆಕ್ಕ ಬರೆದಿಡುತ್ತಿದ್ದನು. ಆ ಮಿತವ್ಯಯವೇ ಇತಿಹಾಸಕ್ಕೆ ಉಪಕಾರವಾಯಿತು.

1132ರ ಅಕ್ಟೋಬರ್ 17ರಂದು ಅವನು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಶಾಸ್ತ್ರೋಕ್ತವಾಗಿ ವಿಮೋಚನಾ ಪತ್ರವನ್ನು ಬರೆದುಕೊಟ್ಟನು. ಆಕೆಗೆ ಆಶೀರ್ವಾದವೆಂಬ ಅರ್ಥದ ಬೆರಾಖಾ ಎಂಬ ಹೆಸರಾಯಿತು. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಭಾವಿಸುತ್ತಾರೆ. ಯೆಹೂದಿ ಶಾಸ್ತ್ರದಲ್ಲಿ ಮಕ್ಕಳ ಸ್ಥಾನವು ತಾಯಿಯ ಸ್ಥಾನವನ್ನು ಅನುಸರಿಸುತ್ತದೆ. ದಾಸಿಯೊಡನೆ ಸಂಬಂಧವಿತ್ತೆಂಬ ಶಂಕೆಗೆ ಒಳಗಾದವನು, ಬಿಡುಗಡೆಯ ಅನಂತರವೂ ಆಕೆಯನ್ನು ವರಿಸಕೂಡದೆಂದು ಶಾಸ್ತ್ರ ಹೇಳುತ್ತದೆ. ಆದರೆ ವಿವಾಹವಾಗಿಹೋಗಿದ್ದರೆ ಅದನ್ನು ಮುರಿಯಬೇಕಾಗಿಲ್ಲವೆಂದೂ ಹೇಳುತ್ತದೆ. ಈ ಎರಡು ಮಾತುಗಳ ನಡುವಿನ ಕಿರಿದಾದ ಹಾದಿಯೇ ಪಂಡಿತನ ಸಂಸಾರದ ಹಾದಿಯಾಗಿತ್ತು. ದಾಸಿಯ ಮಕ್ಕಳ ವಿಷಯವಾಗಿ ಅವನು ಬರೆದ ಧರ್ಮನಿರ್ಣಯದ ಕರಡುಗಳು ಅವನ ಸ್ವಂತ ಅಳಲಿನಿಂದಲೇ ಹುಟ್ಟಿರಬೇಕು.

1149ರಲ್ಲಿ ಅವನು ಮಗನನ್ನೂ ಮಗಳನ್ನೂ ಕರೆದುಕೊಂಡು ಏಡನ್ನಿಗೆ ಮರಳಿದನು. ಅಷ್ಟರಲ್ಲಿ ಸಿಸಿಲಿಯ ಸೈನ್ಯವು ಮಹ್ದಿಯಾವನ್ನು ಗೆದ್ದು, ಅಣ್ಣತಮ್ಮಂದಿರು ದಿಕ್ಕಾಪಾಲಾಗಿದ್ದರು. ತನ್ನ ಸಂಪತ್ತನ್ನು ಹಂಚಿಕೊಳ್ಳಲು ಬರುವಂತೆ ಅವರಿಗೆ ಓಲೆ ಬರೆದನು. ಯೆಮೆನ್ ದೇಶದಲ್ಲಿ ಮಗನು ತೀರಿಕೊಂಡನು. ಉಳಿದ ಮಗಳಿಗೆ ಅಲ್ಲಿಯ ಸಿರಿವಂತರ ಮನೆಯಿಂದ ಸಂಬಂಧ ಬಂದರೂ ಒಪ್ಪದೆ, ಬಡವಾಗಿದ್ದ ಸಹೋದರ ಯೂಸುಫನ ಮಗ ಸುರೂರನಿಗೇ ಕೊಡಲು ನಿಶ್ಚಯಿಸಿದನು. 1156ರಲ್ಲಿ ಈಜಿಪ್ಟಿನ ಫುಸ್ತಾತಿನಲ್ಲಿ ಅವರ ವಿವಾಹ ನೆರವೇರಿತು.

ದೇವರ ನಾಮವಿರುವ ಬರಹವನ್ನು ಎಸೆಯಬಾರದೆಂಬುದು ಯೆಹೂದಿ ಸಂಪ್ರದಾಯ. ಹಾಗಾಗಿ ಹಳೆಯ ಕಾಗದಗಳನ್ನು ಫುಸ್ತಾತಿನ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಹಾಕುತ್ತಿದ್ದರು. ಬೆನ್ ಯಿಜುವಿನ ಕಾಗದಗಳೂ ಏಳುನೂರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ಉಳಿದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು. ಅಶುವಿನ ವಿಮೋಚನಾ ಪತ್ರದ ತುಣುಕೂ ಅವುಗಳಲ್ಲಿತ್ತು.