ಮಾತಿಗೆ ನೆಲೆ ತೋರಿದ ಶ್ರೀ ಸಿದ್ಧರಾಮ ಶಿವಯೋಗಿಗಳು

ಸೊನ್ನಲಿಗೆಯನ್ನು ಅಭಿನವ ಶ್ರೀಶೈಲವನ್ನಾಗಿ ಮಾಡಿದ ಶಿವಯೋಗಿ ಸಿದ್ಧರಾಮರು 12ನೆಯ ಶತಮಾನದ ಮಹಾಮಹಿಮರು. ತಂದೆ ಮುದ್ದುಗೌಡರು, ತಾಯಿ ಸುಗ್ಗವ್ವೆ. ರೇವಣಸಿದ್ಧರ ವರದಿಂದ ಹುಟ್ಟಿದ ಈ ಕೂಸು ಬಹುಕಾಲ ಮಾತನಾಡದೇ ಇದ್ದುದರಿಂದ ಹಿರಿಯರು ಇವನನ್ನು ಮಂದಮತಿಯೆಂದೇ ಬಗೆದಿದ್ದರು. ಹೊಲದ ಕಾವಲಿಗೆ ಹೋದ ಆ ಮೌನಿಗೆ ಬಯಲೇ ಮಠವಾಯಿತು.

ಒಂದು ದಿನ ಜಂಗಮವೇಷದ ಮಲ್ಲಯ್ಯನು ಹೊಲಕ್ಕೆ ಬಂದನು. ಬಾಲಕನು ಅವನಿಗೆ ಬೆಳಸೆ ನೀಡಿ, ಹೊಟ್ಟೆ ತಣಿಸುವ ಉಣಿಸು ತರಲು ಮನೆಗೆ ಓಡಿದನು. ಮರಳಿ ಬರುವಷ್ಟರಲ್ಲಿ ಮಲ್ಲಯ್ಯನಿಲ್ಲ. ಬಾಯಿ ಬಾರದ ಬಾಲಕನೆಂದು ಜನ ಬಗೆದವನು ಆ ಬಯಲಲ್ಲಿ ಮಲ್ಲಯ್ಯನನ್ನು ಕೂಗತೊಡಗಿದನು. ಆ ಕೂಗು ಶ್ರೀಶೈಲದವರೆಗೂ ನಡೆಯಿತು. ಅಲ್ಲಿಯ ಕಮರಿಯ ಅಂಚಿನಲ್ಲಿ ನಿಂತು ಕೂಗಿದರೂ ಮಲ್ಲಯ್ಯನು ಕಾಣದಿರಲು ಬಾಲಕನು ಆಳಕ್ಕೆ ಧುಮುಕಿದನು. ಮಲ್ಲಿಕಾರ್ಜುನನು ಕೈಯಲ್ಲಿ ಹಿಡಿದು ಕಾಪಾಡಿದನೆಂದು ರಾಘವಾಂಕ ಕವಿಯು 'ಸಿದ್ಧರಾಮ ಚಾರಿತ್ರ'ದಲ್ಲಿ ವರ್ಣಿಸಿದ್ದಾನೆ.

ಮರಳಿ ಬಂದ ಸಿದ್ಧರಾಮರು ಗುಡಿ ಕಟ್ಟಿಸಿದರು, ಕೆರೆ ತೋಡಿಸಿದರು, 68 ಲಿಂಗಗಳನ್ನು ಸ್ಥಾಪಿಸಿದರು. ಗುದ್ದಲಿ ಸಲಿಕೆಗಳ ಸಪ್ಪಳವೇ ಅವರಿಗೆ ಶಿವಪೂಜೆಯಾಗಿತ್ತು. ಆ ಗದ್ದಲದ ನಡುವೆ ಬಂದ ಅಲ್ಲಮಪ್ರಭುಗಳ ಕಟುನುಡಿಗೆ ಕೆಲಸಗಾರರು ಕಲ್ಲೆಸೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಸಿದ್ಧರಾಮರಾದರೋ ಕೊನೆಗೆ ಆ ನುಡಿಯ ಮರ್ಮವನ್ನು ಅರಿತರು. ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಬಯಲ ಕೂಗು ಶರಣರ ಸಭೆಯಲ್ಲಿ ವಚನವಾಯಿತು. 'ಕಪಿಲಸಿದ್ಧ ಮಲ್ಲಿಕಾರ್ಜುನ' ಅಂಕಿತದ ಸಾವಿರಕ್ಕೂ ಮಿಕ್ಕ ವಚನಗಳು ದೊರೆತಿವೆ.

ಕಡೆಗೆ ಸೊನ್ನಲಿಗೆಗೆ ಹಿಂದಿರುಗಿ ಇಲ್ಲಿಯೇ ಸಮಾಧಿಸ್ಥರಾದರು. ಸೊಲ್ಲಾಪುರದ ಕೋಟೆಯ ಮಗ್ಗುಲಲ್ಲಿ, ಕೆರೆಯ ನೀರಿನ ನಡುವೆ ಆ ಗುಡಿ ನಿಂತಿದೆ. ಪೇಟೆಯ ಗೌಜು ದಾಟಿ ಒಳಗೆ ಬಂದವರಿಗೆ ಗಂಟೆಯ ನಾದವೂ ಸ್ವಂತ ಉಸಿರೂ ಬೇರೆ ಬೇರೆಯಾಗಿ ಕೇಳಿಸುತ್ತವೆ.

ಪ್ರತಿವರ್ಷ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಸಮ್ಮತಿ ಕಟ್ಟೆಗೆ ಬರುತ್ತವೆ. ಶಿವಯೋಗಿಗಳನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಅವರ ಯೋಗದಂಡದೊಡನೆ ನಡೆದ ವಿವಾಹದ ನೆನಪಿಗೆ ಅಲ್ಲಿ ಕನ್ನಡದಲ್ಲಿ ಸಮ್ಮತಿ ವಾಚನವಾಗುತ್ತದೆ. ಸೊಲ್ಲಾಪುರದ ಮರಾಠಿ, ತೆಲುಗು ಮಾತಿನ ಭಕ್ತರೂ, ಅಕ್ಕಲಕೋಟೆ ಸೀಮೆಯ ಕನ್ನಡಿಗರೂ ಕೈಯಲ್ಲಿ ಅಕ್ಷತೆ ಹಿಡಿದು ಆಲಿಸುತ್ತಾರೆ. ಗೋಡೆಯಿಲ್ಲದ ಆ ಬಯಲಲ್ಲಿ ಕೇಳುವವರ ಮೌನವೇ ಆ ನುಡಿಗೆ ಗುಡಿ.

ಸಮ್ಮತಿಯ ನುಡಿಯನ್ನು ಓದುವ ಬಾಯಿ ಇದ್ದರಷ್ಟೇ ಸಾಲದು, ಅರಿತು ಕೇಳುವ ಕಿವಿಯೂ ಬೇಕು. ಈ ಗಡಿಸೀಮೆಯ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದರೆ ಆ ಕಿವಿ ಉಳಿದೀತು. ಮೌನಿಯ ಬಾಯಲ್ಲಿ ಮಲ್ಲಯ್ಯನ ನಾಮ ನುಡಿಸಿದ ಶ್ರೀ ಸಿದ್ಧರಾಮೇಶ್ವರನು ಸಕಲ ಭಕ್ತರಿಗೂ ಸನ್ಮಂಗಳವನ್ನುಂಟುಮಾಡಲಿ.